ಬೆನ್ನು ಲಟಕ್ ಅಂದ್ರೆ ಉಸಿರು ಬಿಚ್ಚುತ್ತಾ?

ಕಾಲು ಮುಂದಾಗಿ ಹುಟ್ಟಿದವನಿಗೆ ನಮ್ಮ ಕಡೆ ಒಂದು ಉದ್ಯೋಗ ಖಾಯಂ. ಚೀಲ ಎತ್ತುವಾಗ ಯಾರಿಗಾದರೂ ನಡ ಹಿಡಿದರೆ, ಬೆನ್ನು ಉಳುಕಿದರೆ ಅವನ ಮನೆ ಬಾಗಿಲಿಗೆ ಬರುತ್ತಾರೆ. ಬಂದವರನ್ನು ಬೋರಲು ಮಲಗಿಸಿ ಬೆನ್ನಿನ ಮೇಲೆ ಕಾಲಿಟ್ಟು ಮೆಲ್ಲಗೆ ತುಳಿದರೆ ಉಳುಕು ಹೋಗುತ್ತದೆ ಅನ್ನೋದು ನಂಬಿಕೆ. ಇದರಲ್ಲಿ ದುಡ್ಡಿನ ಮಾತಿಲ್ಲ. ಆದವಾನಿ, ಆಲೂರು, ಹೊಳಗುಂದ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಆಡುವವರೂ ತೆಲುಗು ಆಡುವವರೂ ಒಂದೇ ಭಕ್ತಿಯಿಂದ ಬೆನ್ನು ಒಡ್ಡುತ್ತಾರೆ. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದಾದ ಮೇಲೆ ಕತ್ತನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಹೊರಳಿಸಿ ‘ಲಟಕ್’ ಅನಿಸುವುದೂ ಇದೇ ಬಗೆಯ ವಿದ್ಯೆ.

ಇದೆಲ್ಲ ಹಳೆಯದು. ಹೊಸದು ಅಂದ್ರೆ ಫೋನಿನಲ್ಲಿ ಬರುವ ವಿಡಿಯೋಗಳು. ಮುದುಕರೊಬ್ಬರನ್ನು ಮೇಜಿನ ಮೇಲೆ ಮಲಗಿಸಿ, ಗದ್ದಕ್ಕೆ ಪಟ್ಟಿ ಕಟ್ಟಿ ಎಳೆದು, ಬೆನ್ನ ಮೇಲೆ ಎರಡೂ ಅಂಗೈ ಇಟ್ಟು ಒಮ್ಮೆ ಜಪ್ಪಿಸಿದರೆ ಲಟಲಟ ಸದ್ದು. ಮುದುಕರು ಎದ್ದು ಕೂತು ಉದ್ದಕ್ಕೆ ಉಸಿರೆಳೆದು ‘ಎದೆ ಹಗುರಾಯ್ತು’ ಅನ್ನುತ್ತಾರೆ. ಇದಕ್ಕೆ ಚೈರೋಪ್ರಾಕ್ಟಿಕ್ ಅಂತ ಹೆಸರು. ಮೊದಲು ನಡನೋವಿಗೆ ಮಾತ್ರ ಇದ್ದ ಮಾತು ಈಗ ದಮ್ಮಿನ ತನಕ ಬಂದಿದೆ. ಬೆನ್ನು ಸಡಿಲಾದ್ರ ದಮ್ಮೂ ಸಡಿಲಾಗ್ತೈತಂತ ಅಂತ ಹತ್ತಿ ಯಾರ್ಡಿನ ಚಹಾದಂಗಡಿಯಲ್ಲಿ ನಾನೇ ಕೇಳಿದ್ದೇನೆ.

ನಮ್ಮ ದೊಡ್ಡಪ್ಪನಿಗೆ 74 ವರ್ಷ. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ತೂಕ ಬರೆದವರು. ಸೀಜನ್ನಿನಲ್ಲಿ ಈ ಯಾರ್ಡು ಹೇಗಿರುತ್ತದೆ ಅನ್ನೋದು ಹತ್ತಿ ತಂದ ರೈತರಿಗೆ ಗೊತ್ತು. ಬಿಸಿಲಲ್ಲಿ ನಿಂತರೆ ಗಾಳಿಯಲ್ಲಿ ನೂಲು ಹಾರಾಡೋದು ಕಾಣುತ್ತದೆ. ಅದರ ಮೇಲೆ ದಿನಕ್ಕೆ ಒಂದು ಕಟ್ಟು ಬೀಡಿ. ಈಗ ಮನೆಯಿಂದ ಹನುಮಪ್ಪನ ಗುಡಿಗೆ ಹೋಗಬೇಕಾದರೆ ನಡುವೆ ಮೂರು ಕಡೆ ನಿಲ್ಲುತ್ತಾರೆ. ಊರಿನ ಲಾಡ್ಜ್ ಒಂದಕ್ಕೆ ವಾರಕ್ಕೊಮ್ಮೆ ಬೆನ್ನು ಸರಿಮಾಡುವವರೊಬ್ಬರು ಬರುತ್ತಾರೆ, ಐದು ಸಲ ಹೋದರೆ ದಮ್ಮು ಪೂರಾ ಹೋಗುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದರು. ‘ಏನಂತೀ ತಮ್ಮಾ, ಹೋಗ್ಲೇನು?’ ಅಂದರು. ಹೂಂ ಅನ್ನಲೋ ಬ್ಯಾಡ ಅನ್ನಲೋ ತಿಳಿಯದೆ ಡಾಕ್ಟರರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ನಮ್ಮ ಮನೆಯಂಥ ಮನೆ ಇನ್ನೂ ಎಷ್ಟೋ ಇರೋದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತಿದಿಯೂ ಕೊಳವೆಯೂ

ಬೆನ್ನಿಗೂ ಉಸಿರಿಗೂ ಸಂಬಂಧ ಇಲ್ಲ ಅಂತ ಹೇಳುವ ಹಾಗಿಲ್ಲ. ಸಂಬಂಧ ಇದೆ, ಗಟ್ಟಿಯಾಗೇ ಇದೆ. ಹನ್ನೆರಡು ಜೊತೆ ಪಕ್ಕೆಲುಬುಗಳು ಹಿಂದೆ ಬೆನ್ನುಮಣಿಗಳಿಗೆ ಕೂಡಿಕೊಂಡಿವೆ. ಮುಂದುಗಡೆ ಹೆಚ್ಚಿನವು ಮೆಲ್ಲೆಲುಬಿನ ಮೂಲಕ ಎದೆಯ ಮೂಳೆಗೆ ಸೇರುತ್ತವೆ. ಉಸಿರೆಳೆದಾಗ ಈ ಪಂಜರ ಅರಳಬೇಕು, ಬಿಟ್ಟಾಗ ಕುಗ್ಗಬೇಕು. ಕಮ್ಮಾರನ ತಿದಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗಲು ಹಳತಾದಂತೆ ತಿದಿ ಬಿರುಸಾಗುತ್ತದೆ. ಹಾಗೇ ವಯಸ್ಸಾದಂತೆ ಮೆಲ್ಲೆಲುಬಿನಲ್ಲಿ ಸುಣ್ಣ ಕೂಡುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ.

ಲೆಕ್ಕ ಬೇಕಾದರೆ ಹೀಗೆ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ, ಮೂವತ್ತರ ಆಸುಪಾಸಿನಿಂದ ಆಚೆ, ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರಿನಷ್ಟು ಇಳಿಯುತ್ತಾ ಹೋಗುತ್ತದೆ. ಇದು ಬೀಡಿ ಸೇದದವನ ಲೆಕ್ಕ. ನಲವತ್ತು ವರ್ಷಕ್ಕೆ ಒಂದು ಲೀಟರಿಗಿಂತ ಹೆಚ್ಚು ಖೋತಾ. ಬೀಡಿ ಸೇದುವವನ ಇಳಿತ ಇನ್ನೂ ಕಡಿದು. ಎಲುಬು ಟೊಳ್ಳಾದ ಮುದುಕಿಯರಲ್ಲಿ ಎದೆಯ ಹಿಂದಿನ ಬೆನ್ನುಮಣಿ ತಾನೇ ಕುಸಿದುಹೋಗುವುದುಂಟು. ಹಾಗೆ ಕುಸಿದ ಒಂದೊಂದು ಮಣಿಗೂ ಉಸಿರಿನ ಅಳತೆ ನೂರಕ್ಕೆ ಸುಮಾರು 9ರಷ್ಟು ತಗ್ಗುತ್ತದೆ ಅಂತ 1990ರಲ್ಲೇ ಅಳೆದು ಬರೆದಿದ್ದಾರೆ.

ಹಾಗಾದರೆ ಬಿಗಿದ ಪಂಜರ ಸಡಿಲ ಮಾಡಿದರೆ ಉಸಿರು ಹೆಚ್ಚಬೇಕಲ್ಲ? ಕೇಳಲಿಕ್ಕೆ ಸರಿಯಾಗೇ ಇದೆ. ತೊಡಕು ಇರೋದು ಇಲ್ಲಿ: ನಮ್ಮ ಹಿರಿಯರ ದಮ್ಮು ಹೆಚ್ಚಿನ ಪಾಲು ತಿದಿಯ ರೋಗ ಅಲ್ಲ, ಕೊಳವೆಯ ರೋಗ. ಬೀಡಿ ಹೊಗೆ, ಒಲೆಯ ಹೊಗೆ, ದೂಳು ಇವುಗಳಿಂದ ಶ್ವಾಸನಾಳಗಳು ಒಳಗೊಳಗೇ ಸಣ್ಣಗಾಗಿರುತ್ತವೆ. ಗಾಳಿಚೀಲಗಳ ಗೋಡೆ ಹರಿದಿರುತ್ತದೆ. ಎಳೆದ ಗಾಳಿ ಹೊರಗೆ ಬರದೆ ಒಳಗೇ ಉಳಿದುಬಿಡುತ್ತದೆ. ಎದೆ ಪೀಪಾಯಿಯಂತೆ ಉಬ್ಬಿರುವ ಮುದುಕರನ್ನು ನೀವು ನೋಡಿರುತ್ತೀರಿ. ಅವರಿಗೆ ಗಾಳಿ ಸಾಲದ್ದಲ್ಲ, ಹಳೆಯ ಗಾಳಿ ಹೊರಗೆ ಹೋಗದ್ದು. ಬೋರಿನ ಪೈಪಿನಲ್ಲಿ ಸುಣ್ಣ ಕಟ್ಟಿದ್ದರೆ ಮೋಟಾರಿನ ನಟ್ಟು ಸಡಿಲಿಸಿ ಏನು ಬಂತು?

ಅಮೆರಿಕದಿಂದ ಬಂದದ್ದು

ಈ ವಿದ್ಯೆಗೆ ಹೊಸ ಹೆಸರು ಬಂದದ್ದು ಅಮೆರಿಕದಲ್ಲಿ. 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಎಂಬಾತ ಕಿವಿ ಕೇಳದ ಒಬ್ಬನ ಬೆನ್ನುಮಣಿ ಒತ್ತಿದ, ಅವನಿಗೆ ಕಿವಿ ಕೇಳಿಸಿತು ಅನ್ನೋದು ಚೈರೋಪ್ರಾಕ್ಟಿಕ್‌ನ ಹುಟ್ಟಿನ ಕಥೆ. ಅದಕ್ಕೂ ಮುಂಚೆ, 1892ರಲ್ಲಿ, ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಡಾಕ್ಟರ್ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪತಿ ಶಾಲೆ ತೆರೆದಿದ್ದರು. ಎಲುಬು, ಕೀಲು ನೆಟ್ಟಗಿದ್ದರೆ ಮೈಯೆಲ್ಲ ನೆಟ್ಟಗೆ ಅನ್ನೋದು ಇಬ್ಬರದೂ ಒಂದೇ ರಾಗ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಆಸ್ಟಿಯೋಪತಿಯವರು ರೋಗಿಗಳ ಪಕ್ಕೆಲುಬು ಎತ್ತಿ ಒತ್ತಿ ಆರೈಕೆ ಮಾಡಿದರು, ತಮ್ಮ ಕೈಯಲ್ಲಿ ಸತ್ತವರು ಕಡಿಮೆ ಅಂತ ಹೇಳಿಕೊಂಡರು. ಬೆನ್ನಿಗೂ ಶ್ವಾಸಕೋಶಕ್ಕೂ ಗಂಟು ಹಾಕಿದ ಮಾತು ಅಂದಿನಿಂದ ಓಡಾಡುತ್ತಿದೆ.

ಆ ‘ಲಟಕ್’ ಸದ್ದಿನ ಗುಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಾರಿದ ಮಣಿ ಜಾಗಕ್ಕೆ ಕೂತ ಸದ್ದು ಅಲ್ಲ ಅದು. ಕೀಲನ್ನು ಫಕ್ಕನೆ ಎಳೆದಾಗ ಒಳಗಿನ ಜಿಡ್ಡು ನೀರಿನಲ್ಲಿ ಗಾಳಿಯ ಗುಳ್ಳೆ ಏಳುತ್ತದೆ, ಅಷ್ಟೆ. 2015ರಲ್ಲಿ ಕೆನಡಾದವರು ಬೆರಳಿನ ನೆಟಿಗೆ ತೆಗೆಯೋದನ್ನೇ ಎಂ.ಆರ್.ಐ. ಯಂತ್ರದಲ್ಲಿ ಚಿತ್ರ ಹಿಡಿದು ತೋರಿಸಿದರು. ಸದ್ದು ದೊಡ್ಡದಾದಷ್ಟೂ ಗುಣ ದೊಡ್ಡದು ಅನ್ನೋದು ನಮ್ಮ ಮನಸ್ಸಿನ ಲೆಕ್ಕ.

ಮೀಟರು ಏನನ್ನುತ್ತದೆ

ಇನ್ನು ಅಸಲು ಪ್ರಶ್ನೆ. ಬೆನ್ನು ಒತ್ತಿದ ಮೇಲೆ ಮುದುಕರ ಉಸಿರನ್ನು ಯಾರಾದರೂ ಅಳೆದು ನೋಡಿದ್ದಾರಾ?

ನೋಡಿದ್ದಾರೆ. ಅದೂ ಬೆನ್ನು ಒತ್ತುವ ವಿದ್ಯೆ ಕಲಿತವರೇ ನೋಡಿದ್ದಾರೆ. ಅದಕ್ಕೇ ನನಗೆ ಅವರ ಮೇಲೆ ಗೌರವ. 2008ರಲ್ಲಿ ಅಮೆರಿಕದ ಆಸ್ಟಿಯೋಪತಿ ಡಾಕ್ಟರರು, ಹಳೆಯ ದಮ್ಮಿರುವ, 65 ದಾಟಿದ 35 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೆನ್ನು, ಪಕ್ಕೆಲುಬು, ಕತ್ತು ಎಲ್ಲವನ್ನೂ ಶಾಸ್ತ್ರಪ್ರಕಾರ ಒತ್ತಿ ತಿರುವಿದರು. ಇನ್ನೊಂದು ಗುಂಪಿಗೆ ಚಿಕಿತ್ಸೆ ಮಾಡಿದ ಹಾಗೆ ಬರೀ ಮೆಲ್ಲಗೆ ಕೈಯಿಟ್ಟರು. ಅರ್ಧ ತಾಸು ಬಿಟ್ಟು ಮೀಟರಿಗೆ ಊದಿಸಿದರು. ನಿಜವಾಗಿ ಒತ್ತಿಸಿಕೊಂಡವರ ಎದೆಯೊಳಗೆ ಸಿಕ್ಕಿ ಉಳಿಯುವ ಗಾಳಿ ತುಸು ಹೆಚ್ಚಾಗಿತ್ತು! ಅಂದ್ರೆ ಅಂಕಿ ಸ್ವಲ್ಪ ಕೆಟ್ಟಿತ್ತು. ಆದರೆ ಮರುದಿನ ಫೋನ್ ಮಾಡಿ ಕೇಳಿದರೆ ಅವರಲ್ಲಿ ಬಹಳ ಜನ ‘ಉಸಿರಾಟ ಸುಲಭ ಆಗಿದೆ’ ಅಂದರು. ಬರೀ ಕೈಯಿಡಿಸಿಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಹಾಗೇ ಅಂದರು.

ಈ ಒಂದು ಸಂಗತಿಯನ್ನು ನಾನು ದೊಡ್ಡಪ್ಪನಿಗೆ ಎರಡು ಸಲ ಬಿಡಿಸಿ ಹೇಳಿದೆ. ಅವರು ನಕ್ಕು, ‘ಅಂದ್ರ ಆ ಮುದುಕ್ರು ಸುಳ್ಳು ಹೇಳಿದ್ರೇನು?’ ಅಂದರು. ಸುಳ್ಳಲ್ಲ. ಬೆನ್ನಿನ ಬಿಗಿ, ನೋವು ಕಡಿಮೆಯಾದರೆ ಉಸಿರೆಳೆಯುವಾಗಿನ ಸಂಕಟ ಕಡಿಮೆ ಅನಿಸುತ್ತದೆ. ಬೇರೆಯವರು ಅರ್ಧ ತಾಸು ಮೈ ಮುಟ್ಟಿ ಆರೈಕೆ ಮಾಡಿದರೆ ಮುದಿ ಜೀವಕ್ಕೆ ಎಷ್ಟು ಹಿತ! ನಮ್ಮ ಮನೆಗಳಲ್ಲಿ ಮುದುಕರ ಬೆನ್ನು ಯಾರು ಮುಟ್ಟುತ್ತಾರೆ ಹೇಳ್ರಿ. ಹಿತ ಅನ್ನೋದು ನಿಜ. ಆ ಹಿತ ನಾಳ ತೆರೆದದ್ದರಿಂದ ಬಂದದ್ದಲ್ಲ, ಅಷ್ಟೆ.

2010ರಲ್ಲಿ ಬಂದದ್ದು ಇನ್ನೂ ದೊಡ್ಡ ಪರೀಕ್ಷೆ. ನ್ಯುಮೋನಿಯಾ ಆಗಿ ದವಾಖಾನೆ ಸೇರಿದ, 50 ದಾಟಿದ 406 ಜನ. ಕೆಲವರಿಗೆ ಮಾಮೂಲಿ ಔಷಧ ಮಾತ್ರ, ಕೆಲವರಿಗೆ ಔಷಧದ ಜೊತೆ ದಿನಕ್ಕೆ ಎರಡು ಸಲ ಬೆನ್ನು–ಪಕ್ಕೆ ಚಿಕಿತ್ಸೆ, ಕೆಲವರಿಗೆ ಔಷಧದ ಜೊತೆ ಬರೀ ಕೈಸ್ಪರ್ಶ. ಎಲ್ಲರನ್ನೂ ಲೆಕ್ಕಕ್ಕೆ ಹಿಡಿದಾಗ ಮೂರೂ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚಿಕಿತ್ಸೆ ಪೂರ್ತಿ ಮುಗಿಸಿದವರನ್ನಷ್ಟೇ ಆರಿಸಿ ನೋಡಿದಾಗ, ಒತ್ತಿಸಿಕೊಂಡವರು ಬರೀ ಔಷಧದವರಿಗಿಂತ ಒಂದು ದಿನದಷ್ಟು ಮುಂಚೆ ಮನೆಗೆ ಹೋಗಿದ್ದರು. ಆದರೆ ಕೈಸ್ಪರ್ಶದವರಿಗೂ ಅವರಿಗೂ ಖಚಿತವಾದ ಅಂತರ ಸಿಗಲಿಲ್ಲ.

ಪರವಾಗಿ ಹೇಳುವಂಥದ್ದು ಏನೂ ಇಲ್ಲವೇ ಅಂದ್ರೆ, ಇದೆ. ಆಸ್ಟ್ರೇಲಿಯಾದವರು 2013ರಲ್ಲಿ ಹಳೆಯ ದಮ್ಮಿನವರಿಗೆ ಬೆನ್ನಿನ ಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಕೂಡಿಸಿ ಕೊಟ್ಟು, ಊದುವ ಗಾಳಿಯ ಅಳತೆ ಏರಿದ್ದನ್ನು ಕಂಡರು. ಎಷ್ಟು ಜನರಲ್ಲಿ? ಹದಿನೈದು. ಅದರಲ್ಲೂ ಮೂರು ಗುಂಪು. ಒಂದು ಆಟೋದಲ್ಲಿ ಹಿಡಿಸುವಷ್ಟು ಜನರನ್ನು ನೋಡಿ ಇಡೀ ಸೀಮೆಯ ಮುದುಕರ ಬೆನ್ನು ಜಪ್ಪಿಸಲಿಕ್ಕಾಗುವುದಿಲ್ಲ. ಮುಂದೆ ದೊಡ್ಡ ಪರೀಕ್ಷೆಗಳಲ್ಲಿ ನಿಂತರೆ ನಾನೇ ಬರೆಯುತ್ತೇನೆ.

ಹುಳುಕು ತೊಲೆ

ಗುಣ ಇಲ್ಲದಿದ್ದರೆ ಹೋಗಲಿ, ಕೆಡುಕೇನು ಅನ್ನುವವರಿಗೆ ಒಂದು ಮಾತು. ದಮ್ಮಿನವರಲ್ಲಿ ಬಹಳ ಜನ ವರ್ಷಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗಿರುತ್ತಾರೆ. ಕೆಲವರು ಡಾಕ್ಟರು ಬರೆದು ಕೊಟ್ಟದ್ದು, ಕೆಲವರು ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತಂದದ್ದು, ಇನ್ನು ಕೆಲವರು ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿಯೊಳಗಿಂದ. ಸ್ಟಿರಾಯ್ಡ್ ಉಸಿರನ್ನು ತಾತ್ಕಾಲಿಕ ಬಿಡಿಸುತ್ತದೆ, ಎಲುಬನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಬಳಿದ ಹುಳುಕು ತೊಲೆಯ ಹಾಗೆ. ಅಂಥ ಬೆನ್ನಿನ ಮೇಲೆ ಎರಡು ಅಂಗೈ ಇಟ್ಟು ಜಪ್ಪಿಸಿದರೆ ಮಣಿ ಕುಸಿಯಬಹುದು, ಪಕ್ಕೆಲುಬು ಮುರಿಯಬಹುದು. ಮಣಿ ಕುಸಿದರೆ ಉಸಿರಿನಿಂದ ನೂರಕ್ಕೆ ಒಂಬತ್ತರ ಖೋತಾ, ಆಗಲೇ ಹೇಳಿದೆ. ಯಾರ ಉಸಿರು ಬಿಡಿಸಲಿಕ್ಕೆ ಹೊರಟಿದ್ದೇವೋ ಅವರದೇ ಬೆನ್ನು ಎಲ್ಲರಿಗಿಂತ ಪೊಳ್ಳು.

ಕತ್ತಿನ ವಿಷಯ ಇನ್ನೂ ಗಂಭೀರ. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ ಇದೆ. ಉಸಿರೆಳೆಯುವ ಕೆಲಸದ ದೊಡ್ಡ ಪಾಲು ಅದರದೇ. ಅದನ್ನು ನಡೆಸುವ ನರ ಹೊರಡೋದು ಎದೆಯಿಂದಲ್ಲ, ಕತ್ತಿನ ಮೂರು, ನಾಲ್ಕು, ಐದನೆಯ ಮಟ್ಟದಿಂದ. 2017ರಲ್ಲಿ ದಿಲ್ಲಿ ಕಡೆ 54 ವರ್ಷದ ಒಬ್ಬರು ಕ್ಷೌರದಂಗಡಿಯಲ್ಲಿ ಮಾಲೀಸು ಮಾಡಿಸಿ ಕತ್ತು ಲಟಕ್ ಅನಿಸಿಕೊಂಡರು. ಆಮೇಲೆ ಉಸಿರಾಟವೇ ಕಷ್ಟವಾಯಿತು. ದವಾಖಾನೆಯಲ್ಲಿ ನೋಡಿದರೆ ಆ ನರಕ್ಕೆ ಪೆಟ್ಟಾಗಿ ವಪೆ ಸೋತಿತ್ತು, ಯಂತ್ರದ ಉಸಿರು ಬೇಕಾಯಿತು. ಉಸಿರು ಬಿಡಿಸುವ ವಿದ್ಯೆ ಉಸಿರನ್ನೇ ಕಟ್ಟಿದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕೆ?

ನಮ್ಮ ಪಕ್ಕದ್ದೇ ಇನ್ನೊಂದು. 2024ರಲ್ಲಿ ಬಳ್ಳಾರಿಯ ಮೂವತ್ತರ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ಪುಕ್ಕಟೆ ತಲೆ ಮಾಲೀಸು ಮಾಡಿ ಕತ್ತು ತಿರುವಿದ್ದರು. ಮನೆಗೆ ಹೋದ ಕೆಲವು ತಾಸಿನಲ್ಲೇ ಮಾತು ತೊದಲಿತು, ಒಂದು ಪಕ್ಕ ಬಲ ಹೋಯಿತು. ಕತ್ತಿನ ರಕ್ತನಾಳದ ಒಳಗೋಡೆ ಹರಿದು ಮಿದುಳಿಗೆ ರಕ್ತ ಕಡಿಮೆಯಾಗಿ ಪಾರ್ಶ್ವವಾಯು. ಬೆಂಗಳೂರಿನಲ್ಲಿ ಚಿಕಿತ್ಸೆ ಕೊಡಿಸಬೇಕಾಯಿತು. ಇಂಥದ್ದು ದಿನಾ ಆಗುವುದಿಲ್ಲ, ಅಪರೂಪವೇ. ಹಾಗಂತ ಗಡ್ಡ ತೆಗೆಸಲಿಕ್ಕೆ ಹೋದವರು ಕತ್ತು ಕೊಡಬೇಕಾಗಿಲ್ಲ. ‘ಕತ್ತು ಬ್ಯಾಡಪ್ಪ’ ಅಂದರೆ ಯಾವ ಅಂಗಡಿಯವನೂ ಸಿಟ್ಟಾಗುವುದಿಲ್ಲ.

ಕೌತಾಳಂ ಹಾದಿಯ ಹಳ್ಳಿಯೊಂದರಲ್ಲಿ ಉಳುಕು ತೆಗೆಯುವ ಹಿರಿಯರೊಬ್ಬರನ್ನು ಮಾತಾಡಿಸಿದೆ. ಅಪ್ಪನ ಕಾಲದಿಂದ ಬಂದ ಕೈಗುಣ. ಅವರು ಹೇಳಿದ್ದು: ‘ಅರವತ್ತು ದಾಟಿದೋರ್ ಬಂದ್ರ ನಾ ಬರೇ ಎಣ್ಣಿ ಹಚ್ಚಿ ನೀವ್ತೀನ್ರಿ. ಒತ್ತಂಗಿಲ್ಲ, ತುಳ್ಯಂಗಿಲ್ಲ. ಮೊದ್ಲು ಎಲುಬಿನ ಫೋಟೋ ತೆಗಿಸ್ಕೊಂಡ್ ಬರ್ರಿ ಅಂತೀನಿ.’ ಲಾಡ್ಜಿಗೆ ಬರುವವರು ಎಕ್ಸ್‌ರೇ ಕೇಳುತ್ತಾರೋ ಅಂತ ದೊಡ್ಡಪ್ಪನಿಗೆ ಹೇಳಿದವರನ್ನೇ ವಿಚಾರಿಸಿದೆ. ಮುಂಗಡ ಕೇಳುತ್ತಾರಂತೆ.

ಊದು, ಇನ್ನೂ ಊದು

1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ ಬಳ್ಳಾರಿ ಮೈಸೂರಿನ ಕಡೆ ಬಂದರೂ ದವಾಖಾನೆಯ ದಾರಿ ಮಾತ್ರ ಬದಲಾಗಲಿಲ್ಲ. ನಾವೂ ದೊಡ್ಡಪ್ಪನನ್ನು ಬಳ್ಳಾರಿಗೇ ಕರೆದುಕೊಂಡು ಹೋದೆವು. ಉಸಿರು ಅಳೆಯುವ ಸ್ಪೈರೋಮೀಟರ್ ಹೊಸದಲ್ಲ. 1846ರಲ್ಲೇ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ಡಾಕ್ಟರು, ನೀರಿನಲ್ಲಿ ಬೋರಲು ಹಾಕಿದ ಡಬ್ಬಿಯೊಳಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ಲೆಕ್ಕ ಬರೆದಿಟ್ಟಿದ್ದರು. ಈಗಿನದು ಕೈಯಲ್ಲಿ ಹಿಡಿಯುವಷ್ಟು ಸಣ್ಣದು.

ಈ ಪರೀಕ್ಷೆಯಲ್ಲಿ ಒಂದು ವಿಶೇಷ ಇದೆ, ಗಡಿಯವರು ತಿಳಿದಿರಬೇಕು. ರಕ್ತ ಪರೀಕ್ಷೆಗೆ ಮಾತು ಬೇಡ, ಎಕ್ಸ್‌ರೇಗೂ ಬೇಡ. ಇದಕ್ಕೆ ಬೇಕು. ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು, ಒಮ್ಮೆಗೇ ಜೋರಾಗಿ ಬಿಟ್ಟು, ಸಾಕು ಅನ್ನುವ ತನಕ, ಕಡಿಮೆ ಅಂದ್ರೂ ಆರು ಸೆಕೆಂಡು, ಊದುತ್ತಲೇ ಇರಬೇಕು. ಅಂಥದ್ದು ಮೂರು ಸಲ. ಹೇಳಿದ್ದು ತಿಳಿಯದೆ ನಡುವೆ ನಿಲ್ಲಿಸಿದರೆ ಅಂಕಿ ತಪ್ಪು ಬರುತ್ತದೆ, ತಪ್ಪು ಅಂಕಿಗೆ ತಪ್ಪು ಔಷಧ. ನಮ್ಮ ಪುಣ್ಯಕ್ಕೆ ‘ಊದು’ ಅನ್ನೋದು ಕನ್ನಡಕ್ಕೂ ತೆಲುಗಿಗೂ ಒಂದೇ ಮಾತು. ಕರ್ನೂಲಿನಲ್ಲಿ ‘ಇಂಕಾ, ಇಂಕಾ’ ಅಂದರೂ ನಮ್ಮವರಿಗೆ ತಿಳಿಯುತ್ತದೆ. ಸೊಲ್ಲಾಪುರದಲ್ಲಿ ‘ಫುಂಕಾ’ ಅಂದರೆ ಅಕ್ಕಲಕೋಟೆಯ ಗಂಡಸರಿಗೆ ತಿಳಿದೀತು, ಹೊಲ–ಮನೆ ಬಿಟ್ಟು ಹೊರಗೆ ಹೋಗದ ಮುದುಕಿಗೆ ತಿಳಿದೀತೆ? ಜೊತೆಗೆ ಹೋದವರು ಪರೀಕ್ಷೆಯ ಕೋಣೆಯೊಳಗೆ ಹೋಗಿ ಮನೆಮಾತಿನಲ್ಲಿ ಹೇಳಿಕೊಡಲಿಕ್ಕೆ ಅನುಮತಿ ಕೇಳಬೇಕು. ಸಾಮಾನ್ಯಕ್ಕೆ ಬೇಡ ಅನ್ನುವುದಿಲ್ಲ.

ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿಗೆ ನೂರಕ್ಕೆ 70ಕ್ಕಿಂತ ಕಡಿಮೆ ಬಂದು, ನಾಳ ತೆರೆಯುವ ಔಷಧ ಎಳೆದು ಕಾಲು ತಾಸು ಬಿಟ್ಟು ಊದಿದರೂ ಹಾಗೇ ಇದ್ದರೆ, ಅದು ಕೊಳವೆಯ ರೋಗ. ದೊಡ್ಡಪ್ಪನದು ಅದೇ ಆಗಿತ್ತು. ಇನ್ಹೇಲರ್ ಕೊಟ್ಟರು. ಅದು ಚಟ ಆಗುತ್ತದೆ ಅನ್ನೋದು ಊರ ಮಾತು, ನಿಜವಲ್ಲ. ಬೀಡಿ ಬಿಡಿಸಿದರು. ಜೊತೆಗೆ ಎಂಟು ವಾರದ ವ್ಯಾಯಾಮ ಬರೆದುಕೊಟ್ಟರು. ದಿನಾ ಇಷ್ಟು ಹೊತ್ತು ನಡಿಗೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು, ಬಿಸಿ ಚಹಾ ಆರಿಸುವವರ ಹಾಗೆ ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುವುದು. ಬೆನ್ನು ನೆಟ್ಟಗೆ ಮಾಡಿ ಎದೆ ಅರಳಿಸುವ ಕಸರತ್ತೂ ಇತ್ತು. ಜಪ್ಪಿಸುವುದು ಇರಲಿಲ್ಲ. ಇಂಥ ವ್ಯಾಯಾಮದ ಬಗ್ಗೆ ನಡೆದ 65 ಪರೀಕ್ಷೆಗಳನ್ನು 2015ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ದಮ್ಮಿನವರ ತೇಕು ಕಡಿಮೆಯಾಗಿ ನಡಿಗೆಯ ದೂರ ಹೆಚ್ಚಿದ್ದು ಸ್ಪಷ್ಟವಾಗಿತ್ತು.

ಇದರಿಂದ ಮೀಟರಿನ ಅಂಕಿ ಹೆಚ್ಚು ಏರುತ್ತದೆ ಅಂತ ಯಾರೂ ತಿಳಿಯಬಾರದು. ಹರಿದ ಗಾಳಿಚೀಲ ಮತ್ತೆ ಹೊಲಿದುಕೊಳ್ಳುವುದಿಲ್ಲ. ದೊಡ್ಡಪ್ಪನ ಅಂಕಿಯೂ ಇದ್ದಲ್ಲೇ ಇದೆ. ಆದರೆ ಕಾಲಿನ ಕಸುವು ಹೆಚ್ಚಿದ್ದರಿಂದ ಅಷ್ಟೇ ಉಸಿರಿನಲ್ಲಿ ಹೆಚ್ಚು ದೂರ ಹೋಗುತ್ತಾರೆ. ಗುಡಿಯ ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಿದ್ದವರು ಈಗ ಒಂದು ಕಡೆ ನಿಲ್ಲುತ್ತಾರೆ. ಬೆನ್ನಿಗೆ ದೊಡ್ಡಮ್ಮ ವಾರಕ್ಕೆರಡು ಸಲ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ನೀವುತ್ತಾರೆ. ಅದಕ್ಕೆ ಡಾಕ್ಟರರ ತಕರಾರಿಲ್ಲ.

ದೊಡ್ಡಮ್ಮನ ಮಾತು ಬಂದಾಗ ಹೇಳಬೇಕು. ಬಳ್ಳಾರಿಗೆ ಎರಡನೆಯ ಸಲ ಹೋದಾಗ ಅವರೂ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತು ಕೆಮ್ಮುತ್ತಿದ್ದವರನ್ನು ಡಾಕ್ಟರರೇ ಒಳಗೆ ಕರೆದರು. ‘ನಾ ಬೀಡಿ ಸೇದಂಗಿಲ್ಲಲ್ರೀ’ ಅಂತ ಇವರ ನಾಚಿಕೆ. ಒಲೆ ಯಾವುದು, ಎಷ್ಟು ವರ್ಷ ಅಂತ ಕೇಳಿದರು. ಹತ್ತಿಕಟ್ಟಿಗೆ, ಕುಳ್ಳು ಹಾಕಿ ಉರಿಸುವ ಒಲೆ, ಗ್ಯಾಸು ಬಂದದ್ದು ಈಚೆಗೆ. ನಲವತ್ತೈದು ವರ್ಷ ದಿನಕ್ಕೆರಡು ಹೊತ್ತು ಊದುಗೊಳವೆ ಹಿಡಿದು ಆ ಹೊಗೆಯ ಮುಂದೆ ಕೂತವರು. ಸ್ಪೈರೋಮೀಟರಿನ ನಳಿಕೆ ಕೈಗೆ ಕೊಟ್ಟರೆ ಹೇಳಿಕೊಡುವುದೇ ಬೇಕಾಗಲಿಲ್ಲ, ಮೊದಲ ಸಲಕ್ಕೇ ಸರಿಯಾಗಿ ಊದಿದರು. ನೂರಕ್ಕೆ 64 ಬಂತು. ದೊಡ್ಡಪ್ಪನಿಗೆ ಬಂದದ್ದು 61. ಈಗ ಮನೆಗೆ ಎರಡು ಇನ್ಹೇಲರ್ ಬಂದಿವೆ, ಅದಲುಬದಲಾಗದಿರಲಿ ಅಂತ ದೊಡ್ಡಮ್ಮ ತಮ್ಮದಕ್ಕೆ ಕೆಂಪು ದಾರ ಕಟ್ಟಿದ್ದಾರೆ.